ಆಗ ನೀವು ಎಲ್ಲಿ ನಿಂತಿದ್ರಿ?

ರಂಗಮಂದಿರದ ಹಿಂಬದಿಯ ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ಸಿಗುವ ಉದ್ದನೆಯ ಕೋಣೆಯೇ ಸೂಜಿಯಕ್ಕನ ರಾಜ್ಯ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಕಬ್ಬಿಣದ ಕಂಬಿಗೆ ತೂಗುಬಿದ್ದ ಇನ್ನೂರೈವತ್ತು ಉಡುಪುಗಳು. ರಾಜನ ನಿಲುವಂಗಿಗೆ ಪೊಲೀಸನ ಅಂಗಿ ಒರಗಿಕೊಂಡಿರುತ್ತಿತ್ತು, ಅದಕ್ಕೆ ದಾದಿಯ ಬಿಳಿ ಕೋಟು. ಇಪ್ಪತ್ತಾರು ವರ್ಷದಿಂದ ಅವಳು ಇವುಗಳನ್ನೇ ಬಿಚ್ಚುತ್ತ, ಬಿಗಿ ಮಾಡುತ್ತ, ಸಡಿಲ ಬಿಡುತ್ತ ಬಂದಿದ್ದಳು. "ನಮ್ಮ ರಾಜರ ಸೊಂಟ ವರ್ಷಕ್ಕೊಂದು ಇಂಚು ಬೆಳೆಯುತ್ತೆ, ರಾಜ್ಯ ಮಾತ್ರ ಇದ್ದಷ್ಟೇ ಇದೆ" ಎಂದು ನಗಿಸುತ್ತಿದ್ದಳು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಹೊಸದಾಗಿ ಬಂದ ನಟರೂ ಎರಡನೇ ದಿನಕ್ಕೆ ಸೂಜಿಯಕ್ಕ ಎನ್ನಲು ಶುರು ಮಾಡುತ್ತಿದ್ದರು.

ಅಳತೆಗೆ ನಿಂತವರು ಅಲ್ಲಾಡಬಾರದು. ನಟರಿಗೆ ಅದೊಂದೇ ಬಾರದ ವಿದ್ಯೆ. ಆದ್ದರಿಂದ ಅವಳು ಕಥೆ ಹೇಳುತ್ತಿದ್ದಳು. ತುಟಿಯ ಒಂದು ಬದಿಯಲ್ಲಿ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡು, ಇನ್ನೊಂದು ಬದಿಯಿಂದ ಮಾತು. ಕಥೆಗೆ ಕಿವಿಗೊಟ್ಟವರು ಗೊಂಬೆಯ ಹಾಗೆ ನಿಂತುಬಿಡುತ್ತಿದ್ದರು. ಅವಳ ಹತ್ತಿರ ಕಥೆಗಳೇನೋ ಬೇಕಾದಷ್ಟಿದ್ದವು. ಆದರೆ ಎಲ್ಲರೂ ಕೇಳಿ ಕೇಳಿ ಹೇಳಿಸಿಕೊಳ್ಳುತ್ತಿದ್ದದ್ದು ಒಂದೇ, ಅವಳ ತಂಗಿಯ ಕಥೆ.

ಅಮ್ಮ ಮೊದಲೇ ತೀರಿಹೋಗಿದ್ದಳು. ಒಂದು ದಿನ ಅಪ್ಪನಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಮನೆಯಲ್ಲಿ ಇದ್ದವರು ಇಬ್ಬರೇ ಹೆಣ್ಣುಮಕ್ಕಳು, ಅಕ್ಕನಿಗೆ ಇಪ್ಪತ್ತೇಳು, ತಂಗಿಗೆ ಇಪ್ಪತ್ತೆರಡು. ಎರಡು ವರ್ಷ ಇಬ್ಬರೂ ಸೇರಿ ಅಪ್ಪನನ್ನು ಎತ್ತಿದರು, ಮಗ್ಗುಲು ಬದಲಿಸಿದರು, ಒರೆಸಿದರು, ಉಣ್ಣಿಸಿದರು. ಒಂದು ಮಂಗಳವಾರ ಬೆಳಿಗ್ಗೆ ತಂಗಿ ಔಷಧಿ ಚೀಟಿ ಹಿಡಿದುಕೊಂಡು, ಹತ್ತು ನಿಮಿಷದಲ್ಲಿ ಬಂದುಬಿಡುತ್ತೇನೆ ಎಂದು ಚಪ್ಪಲಿ ಮೆಟ್ಟಿ ಹೋದಳು. ಅಷ್ಟೇ. ಹೇಳುವಾಗ ಸೂಜಿಯಕ್ಕ ಮೆಟ್ಟಿಲಿಳಿಯುವ ಚಪ್ಪಲಿಯ ಸದ್ದನ್ನು ನಾಲಿಗೆಯಲ್ಲೇ ಮಾಡಿ ತೋರಿಸುತ್ತಿದ್ದಳು. ಅಪ್ಪನ ತೊದಲು ಮಾತನ್ನು ಆಡುತ್ತಿದ್ದಳು. ಕೊನೆಗೆ ಒಂದು ಸೂಜಿ ಚುಚ್ಚಿ, "ಹನ್ನೊಂದು ದಿನ ಕಾದೆ ಕಣ್ರೀ. ಹತ್ತು ನಿಮಿಷ ಅಂದೋಳು. ಮೂವತ್ತೊಂದು ವರ್ಷ ಆಯ್ತು, ಇನ್ನೂ ಔಷಧಿ ತರ್ತಾನೇ ಇದಾಳೆ" ಎನ್ನುತ್ತಿದ್ದಳು. ಜನ ಮೊದಲು ನಗುತ್ತಿದ್ದರು, ಆಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರೋ ಒಬ್ಬರು ಕೆಳಗೆ ಹೋಗಿ ಅವಳಿಗೂ ಒಂದು ಚಹಾ ತರುತ್ತಿದ್ದರು.

ಮದುವೆ, ಮಕ್ಕಳು ಯಾವುದೂ ಇರಲಿಲ್ಲ ಅವಳಿಗೆ. ಎದುರಿನ ಓಣಿಯಲ್ಲಿ ಮೂರನೇ ಮಹಡಿಯ ಒಂದು ಕೋಣೆ, ಒಂದು ಒಲೆ, ಒಂದು ಕಿಟಕಿ. ಆ ಕಥೆಯೊಂದೇ ಅವಳನ್ನು ನಾಲ್ಕು ಜನರ ನಡುವೆ ಕೂರಿಸುತ್ತಿತ್ತು. ಪಾಪ ಸೂಜಿಯಕ್ಕ ಎಂದು ಜನ ಅನ್ನುವಾಗ ಆ ಪಾಪ ಎಂಬ ಮಾತು ಬೆನ್ನು ಸವರಿದ ಹಾಗಿರುತ್ತಿತ್ತು. ಬೆನ್ನು ಸವರುವವರು ಬೇರೆ ಯಾರಿದ್ದರು?

ಆ ವರ್ಷ ಹೊಸ ನಿರ್ದೇಶಕರು ಬಂದರು. ನಲವತ್ತರ ಆಸುಪಾಸಿನ, ಮಾತು ಕಮ್ಮಿಯ ಮನುಷ್ಯ. ತಮ್ಮ ಕೋಟಿನ ಹರಿದ ಜೇಬು ಹೊಲಿಸಲು ಬಂದವರು ತಂಗಿಯ ಕಥೆ ಕೇಳಿಕೊಂಡು ಹೋದರು. ಜೇಬು ಹೊಲಿದು ಮುಗಿದು ವಾರವಾದರೂ ಕೋಟು ಒಯ್ಯಲು ಬರಲಿಲ್ಲ. ಬಂದಾಗ, "ಅಕ್ಕಾ, ನಿಮ್ಮ ಕಥೇನ ನಾಟಕ ಮಾಡ್ಲಾ?" ಎಂದು ಕೇಳಿದರು.

"ಅದರಲ್ಲೇನಿದೆ ನಾಟಕ ಮಾಡೋಕೆ? ಒಬ್ಬಳು ಹೋದಳು, ಒಬ್ಬಳು ಉಳಿದಳು."

"ಅದೇ ಸಾಕು."

ಬೇಡ ಎನ್ನುವ ಮನಸ್ಸು ಅವಳಿಗಿರಲಿಲ್ಲ. ಇಷ್ಟು ವರ್ಷ ಬೇರೆಯವರ ಕಥೆಗೆ ಬಟ್ಟೆ ಹೊಲಿದವಳು, ತನ್ನ ಕಥೆಗೂ ಹೊಲಿಯುವ ಕಾಲ ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದಳು. ಹೆಸರು ಹಾಕುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದು ನಿರ್ದೇಶಕರು ಮಾತು ಕೊಟ್ಟರು. ಗೊತ್ತಾದರೂ ಪರವಾಗಿಲ್ಲ ಎಂದು ಇವಳೇ ಅಂದಳು.

ಎರಡು ತಿಂಗಳಲ್ಲಿ ನಾಟಕ ಬರೆದಾಯಿತು. ಮೊದಲ ಓದು ನಡೆದ ದಿನ ಅವಳೂ ಮೇಜಿನ ಕೊನೆಯಲ್ಲಿ ಕೂತಿದ್ದಳು. ಅಕ್ಕನ ಪಾತ್ರಕ್ಕೆ ತಂಡದ ಹಿರಿಯ ನಟಿ, ತಂಗಿಯ ಪಾತ್ರಕ್ಕೆ ಹೋದ ವರ್ಷ ಸೇರಿದ ಹುಡುಗಿ. ಓದುವಾಗ ಎಲ್ಲ ನೀರು ಕುಡಿದಷ್ಟು ಸಲೀಸಾಗಿತ್ತು. ಹಿರಿಯ ನಟಿ ಸೂಜಿಯಕ್ಕನ ಮಾತುಗಳನ್ನೇ ಹೇಳಿದಳು, ಚಪ್ಪಲಿಯ ಸದ್ದನ್ನೂ ಬಿಡದೆ. ಕೊನೆಯ ಸಾಲು ಬಂದಾಗ ದೀಪದ ಕೆಲಸದವನು ಮೂಗೊರೆಸಿಕೊಂಡ.

ತೊಡಕು ಶುರುವಾದದ್ದು ಪುಸ್ತಕ ಕೆಳಗಿಟ್ಟು ಎದ್ದು ನಿಂತಾಗ.

ಮೊದಲು ಹಿರಿಯ ನಟಿ ರಂಗದ ಒಂದು ಮೂಲೆಯಲ್ಲಿ ನಿಂತು ಕಥೆ ಹೇಳುವುದು, ಉಳಿದವರು ಹಿಂದೆ ನಡೆದುಹೋಗುವುದು ಎಂದಿತ್ತು. ನಾಲ್ಕು ದಿನ ನೋಡಿ ನಿರ್ದೇಶಕರು ತಲೆಯಾಡಿಸಿದರು. "ಹೇಳೋದು ಸಾಕು. ಹೇಳ್ತಾ ಇದ್ರೆ ಜನ ಕೇಳ್ತಾರೆ, ನೋಡಲ್ಲ. ಆಡಿ." ಆಗ ಹಿರಿಯ ನಟಿ ಉಡುಪಿನ ಕೋಣೆಗೆ ಎಡತಾಕತೊಡಗಿದಳು. ಅವಳು ಆ ಜಾತಿಯ ನಟಿ, ಲೋಟ ಯಾವ ಕೈಯಲ್ಲಿ ಹಿಡಿಯಬೇಕು ಎಂದು ಗೊತ್ತಾಗದೆ ಒಂದು ಮಾತೂ ಆಡದವಳು.

"ಅಕ್ಕಾ, ತಂಗಿ ಹೊರಟಾಗ ನೀವು ಎಲ್ಲಿ ನಿಂತಿದ್ರಿ?"

"ಅಡುಗೆಮನೇಲಿ. ಗಂಜಿ ತಿರುವುತ್ತಾ ಇದ್ದೆ."

"ತಿರುಗಿ ನೋಡಿದ್ರಾ?"

"ಇಲ್ಲಮ್ಮ. ಅಂಗಡಿಗೆ ಹೋಗೋರನ್ನ ಯಾರು ತಿರುಗಿ ನೋಡ್ತಾರೆ?"

"ಸಂಜೆ ಆದಾಗ?"

"ಕಿಟಕೀಲಿ."

"ಬಾಗಿಲು ತೆಗೆದಿತ್ತಾ, ಹಾಕಿತ್ತಾ?"

"ಮೊದಲ ದಿನ ತೆಗೆದಿತ್ತು." ಸೂಜಿಯಕ್ಕನಿಗೆ ಇದು ಇಷ್ಟವೇ ಆಯಿತು. ಮೂವತ್ತು ವರ್ಷದಲ್ಲಿ ಯಾರೂ ಇಷ್ಟೊಂದು ಕೇಳಿರಲಿಲ್ಲ. ಮಂಚ, ಬಕೆಟ್ಟು, ಒದ್ದೆ ಬಟ್ಟೆ ಹಿಂಡುವ ರೀತಿ, ಅಪ್ಪನನ್ನು ಮಗ್ಗುಲು ಮಾಡುವಾಗ ಕಾಲನ್ನು ಎಲ್ಲಿ ಊರಬೇಕು ಎಂದೆಲ್ಲ ತೋರಿಸಿಕೊಟ್ಟಳು. ಹಿರಿಯ ನಟಿ ಒಂದೊಂದನ್ನೂ ಕೈಯಲ್ಲಿ ಮಾಡಿ ನೋಡಿ, ತಲೆದೂಗಿ, ಬಾಗಿಲ ತನಕ ಹೋದವಳು ನಿಂತಳು.

"ಹನ್ನೊಂದು ದಿನ ಕಾದೆ ಅಂತೀರಲ್ಲ. ಹನ್ನೆರಡನೇ ದಿನ ಯಾಕೆ ಕಾಯಲಿಲ್ಲ?"

ಸೂಜಿಯಕ್ಕ ಮೇಜಿನ ಮೇಲಿನ ಕತ್ತರಿಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. ಸಾವಿರ ಸಲ ಹೇಳಿದ ಮಾತು ಅದು. ಹನ್ನೊಂದು ಎನ್ನುವುದು ಬಾಯಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅದೊಂದು ಲೆಕ್ಕ ಎಂಬುದೇ ಅವಳಿಗೆ ಮರೆತುಹೋಗಿತ್ತು.

"ಸುಮ್ನೆ ಒಂದು ಮಾತಿಗೆ ಅಂದಿದ್ದಪ್ಪ. ಹತ್ತು, ಹನ್ನೊಂದು, ಹನ್ನೆರಡು. ಯಾರು ಎಣಿಸ್ತಾ ಕೂತಿದ್ರು?"

"ನೀವು ಯಾವಾಗಲೂ ಹನ್ನೊಂದೇ ಅಂತೀರಿ."

"ನಿನಗೆ ಬೇರೆ ಕೆಲಸ ಇಲ್ವಾ? ಒಂದು ನಾಟಕಕ್ಕೆ ನನ್ನ ಮನೇನೆಲ್ಲ ಅಗೆದು ನೋಡಬೇಕಾ? ಹೋಗಮ್ಮ, ನನಗೆ ಆರು ಅಂಗಿ ಕತ್ತರಿಸೋದಿದೆ!"

ಹಿರಿಯ ನಟಿ ಬಾಗಿಲೆಳೆದುಕೊಂಡು ಹೋದಳು. ಸೂಜಿಯಕ್ಕ ಕತ್ತರಿ ಹಿಡಿದು ಒಂದು ಅಂಗಿಯ ತೋಳನ್ನು ಉಲ್ಟಾ ಕತ್ತರಿಸಿದಳು. ಹಾಗೆ ಅವಳ ಕೈಯಿಂದ ಎಂದೂ ಆಗಿರಲಿಲ್ಲ.

ಆ ಸಂಜೆ ತನ್ನ ಕೋಣೆಯಲ್ಲಿ ಅನ್ನ ಬೇಯಲು ಇಟ್ಟು, ಮಂಚದ ಮೇಲೆ ಕೂತು, ಅವಳು ಕಥೆಯನ್ನು ತನಗೆ ತಾನೇ ಹೇಳಿಕೊಂಡು ನೋಡಿದಳು. ಹಾಗೆ ಹೇಳಿಕೊಳ್ಳುವುದು ಅವಳ ಹಳೆಯ ಚಾಳಿ. ಜೊತೆಗೆ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಅಮ್ಮ, ಅಪ್ಪ, ಎರಡು ವರ್ಷ, ಚೀಟಿ, ಚಪ್ಪಲಿ, ಎಲ್ಲ ಬಂದವು. "ಹನ್ನೊಂದು ದಿನ" ಎಂದಳು. ಮುಂದಿನ ಮಾತು ಬಾಯಿಗೆ ಬರಲಿಲ್ಲ. ಮತ್ತೆ ಮೊದಲಿನಿಂದ ಹೇಳಿದಳು. ಅಲ್ಲಿಗೇ ಬಂದು ನಿಂತಿತು. ಕೆಳಗಿನ ಮನೆಯಲ್ಲಿ ಯಾರೋ ಮಗುವನ್ನು ಗದರುತ್ತಿದ್ದರು, ನೀರಿನ ಕೊಳಾಯಿ ಗೊರಗೊರ ಎನ್ನುತ್ತಿತ್ತು. ಆ ಕೋಣೆಯಲ್ಲಿ ತಾನೊಬ್ಬಳೇ ಇದ್ದೇನೆ ಎಂಬುದು ಅವಳಿಗೆ ಅವತ್ತು ಗೋಡೆಗೆ ಹಣೆ ಬಡಿದಷ್ಟು ಸ್ಪಷ್ಟವಾಗಿ ತಿಳಿಯಿತು. ಅನ್ನ ತಳ ಹಿಡಿದು ಸೀದ ವಾಸನೆ ಬಂದ ಮೇಲೆ ಎದ್ದಳು.

ಮರುದಿನ ಮಧ್ಯಾಹ್ನದ ತಾಲೀಮಿನಲ್ಲಿ ಅವಳು ಪ್ರೇಕ್ಷಕರ ಕುರ್ಚಿಯಲ್ಲಿ ಕೂತು ಅಂಚು ಮಡಿಸುತ್ತಿದ್ದಳು. ರಂಗದ ಮೇಲೆ ಒಂದು ಮಂಚ, ಅಪ್ಪನ ಪಾತ್ರದ ಮುದುಕ ನಟ ಅದರ ಮೇಲೆ ಮಲಗಿದ್ದ. ಪಕ್ಕದಲ್ಲಿ ಬಡಗಿ ನಿಲ್ಲಿಸಿಕೊಟ್ಟ ಚೌಕಟ್ಟು, ಅದಕ್ಕೊಂದು ಹಲಗೆಯ ಬಾಗಿಲು. ತಂಗಿ ಹೋಗುವ ದೃಶ್ಯ ಚೆನ್ನಾಗಿಯೇ ನಡೆಯಿತು. ಆಮೇಲೆ ಅಕ್ಕ ಕಾಯುವ ದೃಶ್ಯ. ಹಿರಿಯ ನಟಿ ಕಿಟಕಿಗೆ ಹೋದಳು, ಮಂಚಕ್ಕೆ ಬಂದಳು, ಬಕೆಟ್ಟು ಎತ್ತಿದಳು, ಇಳಿಸಿದಳು. ಅದಕ್ಕೆ ಜೀವ ಬರಲೇ ಇಲ್ಲ. ಮೂರು ಸಲ ಮಾಡಿ ಅವಳು ನಿಂತುಬಿಟ್ಟಳು.

"ಆಗ್ತಾ ಇಲ್ಲ ಸರ್. ಈಕೆ ಕಾಯ್ತಾಳೆ, ಕಾಯ್ತಾಳೆ, ಆಮೇಲೆ ಒಂದು ದಿನ ಕಾಯಲ್ಲ. ಏನಾಯ್ತು ಅಂತ ಗೊತ್ತಿಲ್ಲದೆ ನಾನು ಎಲ್ಲಿಗೆ ಅಂತ ಹೆಜ್ಜೆ ಇಡಲಿ?"

ನಿರ್ದೇಶಕರು ಹಣೆ ಉಜ್ಜಿಕೊಂಡರು. "ಸರಿ ಬಿಡಿ. ಈ ಭಾಗ ಮೊದಲಿದ್ದ ಹಾಗೇ ಇರಲಿ. ಮುಂದೆ ಬಂದು ನಿಂತು ಹೇಳಿಬಿಡಿ. ಎರಡು ಸಾಲು. ಹನ್ನೊಂದು ದಿನ ಕಾದೆ, ಅವಳು ಬರಲಿಲ್ಲ. ದೀಪ ಆರಿಸೋಣ."

ಸೂಜಿಯಕ್ಕ ತಪ್ಪಿಸಿಕೊಂಡಿದ್ದಳು. ಅವಳು ಮಾಡಬೇಕಾದದ್ದು ಇಷ್ಟೇ, ತಲೆ ತಗ್ಗಿಸಿ ಅಂಚು ಮಡಿಸುವುದು. ಹಿರಿಯ ನಟಿ ಮುಂದೆ ಬಂದು ನಿಂತು ಹೇಳಿದಳು. ಚೆನ್ನಾಗಿಯೇ ಹೇಳಿದಳು. ಹಿಂದೆ ಚೌಕಟ್ಟಿನ ಆಚೆ, ಕೆಲಸವಿಲ್ಲದೆ ನಿಂತಿದ್ದ ತಂಗಿಯ ಪಾತ್ರದ ಹುಡುಗಿ ಬಾಗಿಲಿಗೆ ಕಿವಿಗೊಟ್ಟು, ತನ್ನ ಸರದಿ ಇನ್ನೂ ಉಂಟೇ ಎಂದು ಆಲಿಸುತ್ತಿದ್ದಳು. ಹೇಳುವವಳಿಗೆ ಅವಳು ಕಾಣುತ್ತಿರಲಿಲ್ಲ. ಸೂಜಿಯಕ್ಕನಿಗೆ ಕಾಣುತ್ತಿದ್ದಳು.

ಅವಳು ಬಟ್ಟೆಯನ್ನು ಕುರ್ಚಿಯ ಮೇಲಿಟ್ಟು ಎದ್ದಳು. ಪಕ್ಕದ ಮೆಟ್ಟಿಲು ಹತ್ತಿ ರಂಗದ ಮೇಲೆ ಬಂದಳು. ಇಪ್ಪತ್ತಾರು ವರ್ಷದಲ್ಲಿ ಗುಂಡಿ ಹಾಕುವುದಕ್ಕೆ, ದಾರ ಕೀಳುವುದಕ್ಕೆ ಬಿಟ್ಟು ಅಲ್ಲಿ ಕಾಲಿಟ್ಟವಳಲ್ಲ.

"ಮಂಚ ಇಲ್ಲಿರಲಿಲ್ಲ" ಎಂದಳು. "ಗೋಡೆಯ ಈ ಕಡೆ. ಅಪ್ಪನಿಗೆ ಬಾಗಿಲು ಕಾಣ್ತಿರಲಿಲ್ಲ, ಕೇಳಿಸ್ತಿತ್ತು."

ಮುದುಕ ನಟ ಮಲಗಿದ್ದ ಹಾಗೇ ಉಳಿದವರು ಮಂಚವನ್ನು ಎಳೆದರು. ಸೂಜಿಯಕ್ಕ ಬಕೆಟ್ಟಿನಿಂದ ಒದ್ದೆ ಬಟ್ಟೆ ತೆಗೆದು ಹಿಂಡಿದಳು.

"ಹನ್ನೊಂದನೇ ದಿನ, ಮಧ್ಯಾಹ್ನ. ಬೆಳಿಗ್ಗೆಯಿಂದ ಮೂರನೇ ಸಲ ಅಪ್ಪನ ಮೈ ಒರೆಸಿದ್ದೆ." ಹುಡುಗಿಯ ಕಡೆ ತಿರುಗಿದಳು. "ನೀನು ಆಚೇನೇ ಇರು. ಬಾಗಿಲು ತಟ್ಟು, ಮೂರು ಸಲ. ಜೋರಾಗಲ್ಲ. ಆಮೇಲೆ ಅಕ್ಕಾ ಅನ್ನು. ಅಕ್ಕಾ, ಔಷಧಿ ತಂದಿದೀನಿ ಅನ್ನು."

ಮಾಡು ಎಂದು ನಿರ್ದೇಶಕರು ಹುಡುಗಿಗೆ ಕೈಸನ್ನೆ ಮಾಡಿದರು.

ಹುಡುಗಿ ತಟ್ಟಿದಳು. "ಅಕ್ಕಾ... ಅಕ್ಕಾ, ಔಷಧಿ ತಂದಿದೀನಿ."

ಸೂಜಿಯಕ್ಕ ಬಾಗಿಲ ಹತ್ತಿರ ಹೋದಳು. ಒದ್ದೆ ಬಟ್ಟೆ ಎಡಗೈಯಲ್ಲಿತ್ತು. ಬಲಗೈ ಚಿಲಕದ ಜಾಗಕ್ಕೆ ಹೋಗಿ ಕೂತಿತು. ಬಡಗಿ ಚಿಲಕ ಹಾಕಿರಲಿಲ್ಲ. ಬರಿಯ ಮರದ ಮೇಲೆ ಅವಳ ಬೆರಳುಗಳು ಚಿಲಕ ಹಿಡಿದ ಹಾಗೆ ಮಡಿಸಿಕೊಂಡವು. ಅಲ್ಲೇ ನಿಂತಳು. ಎಷ್ಟು ಹೊತ್ತು ಎಂದರೆ, ಬಟ್ಟೆಯಿಂದ ನೀರು ತೊಟ್ಟಿಕ್ಕಿ ಹಲಗೆಯ ಮೇಲೆ ಸಣ್ಣ ಮಡು ಆಯಿತು.

"ಯಾರು ಅಂತ ಕೇಳಿ" ಎಂದಳು, ಮಂಚದ ಕಡೆ ತಿರುಗದೆ.

"ಯಾ... ಯಾರದು?" ಎಂದ ಮುದುಕ ನಟ.

"ಯಾರೂ ಇಲ್ಲಪ್ಪ" ಎಂದಳು ಸೂಜಿಯಕ್ಕ. ಆ ಮಾತು ಮೆಲ್ಲಗೆ ಬರಲಿಲ್ಲ. ಆಚೆ ನಿಂತವರಿಗೂ ಕೇಳಲಿ ಎನ್ನುವಷ್ಟು ಜೋರಾಗಿ ಬಂತು. ಚೌಕಟ್ಟಿನ ಆಚೆ ಹುಡುಗಿ ತಾನಾಗಿಯೇ ಒಂದು ಹೆಜ್ಜೆ ಹಿಂದೆ ಇಟ್ಟಳು.

ಸೂಜಿಯಕ್ಕ ಯಾರನ್ನೂ ನೋಡದೆ ಅಂದಳು: "ಅವಳ ದನೀಲಿ ನಿದ್ದೆ ಇತ್ತು. ಹನ್ನೊಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ ದನಿ ಅದು. ನಾನು ಮಲಗಿರಲಿಲ್ಲ. ಅಷ್ಟೇ ಕಾರಣ. ಬೇರೆ ಏನೂ ಇಲ್ಲ."

ಯಾರೂ ಹತ್ತಿರ ಬರಲಿಲ್ಲ, ಯಾರೂ ಚಹಾ ತರಲಿಲ್ಲ. ನಿರ್ದೇಶಕರು ರಂಗದ ಅಂಚಿಗೆ ಬಂದು ಮೆಲ್ಲಗೆ ಕೇಳಿದರು. "ಅಕ್ಕಾ, ನೀವು ಬೇಡ ಅಂದ್ರೆ ಇದು ಇಲ್ಲಿಗೇ ಮುಗೀತು. ಇದನ್ನ ನಾಟಕದಲ್ಲಿ ಹಾಕ್ಲಾ, ಬೇಡ್ವಾ?"

"ನಾಳೆ ಹೇಳ್ತೀನಿ" ಎಂದು ಅವಳು ಬಟ್ಟೆ ಎತ್ತಿಕೊಂಡು ಹೋದಳು. ಹೇಳಿದ್ದು ನಾಳೆಯಲ್ಲ, ನಾಲ್ಕನೇ ದಿನ. ನಿರ್ದೇಶಕರ ಕೋಟಿನ ಗುಂಡಿ ಬಿಗಿ ಮಾಡುತ್ತ, ಕಣ್ಣಿಗೆ ಕಣ್ಣು ಕೊಡದೆ, "ಹಾಕಿ. ಇಷ್ಟೊಂದು ಜನ ನೋಡಿ ಆಯ್ತಲ್ಲ" ಎಂದಳು.

ನಾಟಕ ತೆರೆ ಕಂಡಿತು. ಹಿರಿಯ ನಟಿ ಆ ಬಾಗಿಲ ಹತ್ತಿರ ನಿಲ್ಲುವಾಗ ಸಭಾಂಗಣದಲ್ಲಿ ಕೆಮ್ಮೂ ಕೇಳುತ್ತಿರಲಿಲ್ಲ. ಸೂಜಿಯಕ್ಕ ಪಕ್ಕದ ಪರದೆಯ ಹಿಂದೆ ಸೂಜಿದಾರ ಹಿಡಿದು ನಿಂತು ದಿನವೂ ನೋಡುತ್ತಿದ್ದಳು. ಒಂದು ದಿನ ನಟಿ ಸಿಟ್ಟಿನಿಂದ "ಯಾರೂ ಇಲ್ಲಪ್ಪ" ಎನ್ನುತ್ತಿದ್ದಳು, ಇನ್ನೊಂದು ದಿನ ಸುಸ್ತಿನಿಂದ, ಮತ್ತೊಂದು ದಿನ ತನಗೇ ಆಶ್ಚರ್ಯವಾದವಳ ಹಾಗೆ. ಯಾವುದು ತನ್ನದು ಎಂದು ಸೂಜಿಯಕ್ಕನಿಗೆ ಬರಬರುತ್ತ ಗೊತ್ತಾಗದೆ ಹೋಯಿತು. ಒಮ್ಮೆ ಆಟ ಮುಗಿದು ಜನ ಹೊರಡುವಾಗ ಒಬ್ಬಾಕೆ ತನ್ನ ಗಂಡನಿಗೆ, "ಎಂಥ ಕಲ್ಲುಮನಸ್ಸಿನ ಹೆಂಗಸು ರೀ ಅವಳು" ಎಂದದ್ದು ಅವಳ ಕಿವಿಗೆ ಬಿತ್ತು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಉಡುಪಿನ ಕೋಣೆ ಮಾತ್ರ ಬದಲಾಗಿತ್ತು. ಅಳತೆಗೆ ಬಂದವರು ಹೇಳದೆಯೇ ಅಲ್ಲಾಡದೆ ನಿಲ್ಲುತ್ತಿದ್ದರು. ಕಥೆ ಹೇಳಿ ಎಂದು ಯಾರೂ ಕೇಳುತ್ತಿರಲಿಲ್ಲ. ಅವಳನ್ನು ಯಾರೂ ಹಳಿಯಲೂ ಇಲ್ಲ, ಅದೇ ಹೆಚ್ಚು ಭಾರ. ಎಲ್ಲರೂ ಮೆತ್ತಗೆ ಮಾತನಾಡಿಸಿ, ಬಟ್ಟೆ ತೊಟ್ಟು ಹೋಗುತ್ತಿದ್ದರು. ಹೇಳಬೇಕೆಂದರೂ ಅವಳ ಹತ್ತಿರ ಕಥೆ ಇರಲಿಲ್ಲ. ಇದ್ದ ಒಂದನ್ನು ರಂಗ ತಿಂದುಹಾಕಿತ್ತು. ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿಕೊಳ್ಳುವುದೂ ಬಿಟ್ಟಳು; ಬಾಯಿ ಖಾಲಿಯೇ ಇರುತ್ತಿತ್ತು, ಆದರೂ ಡಬ್ಬಿಯಿಂದಲೇ ಒಂದೊಂದಾಗಿ ತೆಗೆಯುತ್ತಿದ್ದಳು.

ಹದಿನಾಲ್ಕನೇ ಆಟ ಭಾನುವಾರದ ಮಧ್ಯಾಹ್ನದ್ದು. ಮುಗಿದ ಮೇಲೆ ಅವಳು ಬೆವರಿದ ಅಂಗಿಗಳನ್ನು ಕಂಬಿಗೆ ಹಾಕುತ್ತಿರುವಾಗ ಕೋಣೆಯ ಹೊರಗೆ ಒಬ್ಬ ಹೆಂಗಸು ಬಂದು ನಿಂತಳು. ಮೂವತ್ತರ ಒಳಗಿನವಳು, ಹೆಗಲಿಗೆ ದೊಡ್ಡ ಚೀಲ, ಅತ್ತು ಕೆಂಪಾದ ಮೂಗು.

"ಇಲ್ಲಿ ಬಟ್ಟೆ ಹೊಲಿಯೋರು ನೀವೇನಾ? ಕೆಳಗೆ ಟಿಕೆಟ್ ಕೊಡೋರನ್ನ ಕೇಳಿದೆ, ಈ ಕಥೆ ಯಾರದ್ದು ಅಂತ. ನಿಮ್ಮನ್ನ ತೋರಿಸಿದ್ರು."

"ಯಾಕಮ್ಮ?"

"ಪತ್ರಿಕೇಲಿ ನಾಟಕದ ಬಗ್ಗೆ ನಾಲ್ಕು ಸಾಲು ಬಂದಿತ್ತು. ಇಬ್ಬರು ಅಕ್ಕತಂಗೀರು, ಮಲಗಿದ ಅಪ್ಪ, ಔಷಧಿ ಚೀಟಿ ಅಂತ." ಅವಳು ಚೀಲದ ಪಟ್ಟಿಯನ್ನು ಕೈಗೆ ಸುತ್ತಿಕೊಂಡಳು. "ನೀವು ನನಗೆ ದೊಡ್ಡಮ್ಮ ಆಗಬೇಕು ಅನ್ಸುತ್ತೆ."

ಸೂಜಿಯಕ್ಕ ಕೈಯಲ್ಲಿದ್ದ ಅಂಗಿಯನ್ನು ಮಡಿಸಿದಳು, ಮತ್ತೆ ಬಿಚ್ಚಿದಳು. ಕುರ್ಚಿಯ ಮೇಲಿನ ಬಟ್ಟೆಗಳನ್ನು ತೆಗೆದು ಕೂರು ಎಂದಳು. ನೀರು ಕೊಟ್ಟಳು. ಆಮೇಲೆ ಕೇಳಬೇಕಾದದ್ದನ್ನು ಕೇಳಿದಳು.

"ಇದಾಳಾ?"

"ಇದಾರೆ. ಮಂಡಿ ನೋವು, ಭುಜದ ನೋವು, ಅದು ಬಿಟ್ರೆ ಚೆನ್ನಾಗಿದಾರೆ. ಬಸ್ಸಲ್ಲಿ ಬಂದ್ರೆ ಮೂರು ಗಂಟೆ. ನಾನು ಇಲ್ಲಿಗೆ ಬಂದಿದ್ದು ಅಮ್ಮನಿಗೆ ಗೊತ್ತಿಲ್ಲ."

ಮೂರು ಗಂಟೆಯ ದಾರಿ. ಸೂಜಿಯಕ್ಕ ಮೂವತ್ತೊಂದು ವರ್ಷ ತಂಗಿಯನ್ನು ಭೂಮಿಯ ಆ ತುದಿಯಲ್ಲಿ ಇರಿಸಿಕೊಂಡಿದ್ದಳು.

"ಅಮ್ಮ ನಮಗೆ ಈ ಕಥೆ ಹೇಳ್ತಿದ್ರು" ಎಂದಳು ತಂಗಿಯ ಮಗಳು. "ತಾನು ಓಡಿಹೋಗಿದ್ದು ಮುಚ್ಚಿಡ್ತಿರಲಿಲ್ಲ. ಅಂಗಡೀಲಿ ಸಾಲಲ್ಲಿ ನಿಂತಿದ್ದೆ, ಉಸಿರು ಕಟ್ಟಿದ ಹಾಗಾಯ್ತು, ಬಸ್ಸು ಬಂತು ಹತ್ತಿಬಿಟ್ಟೆ ಅಂತಿದ್ರು. ಗೆಳತಿ ಮನೇಲಿದ್ದು, ಹನ್ನೊಂದು ದಿನ ಆದ್ಮೇಲೆ ವಾಪಸ್ ಬಂದೆ, ಮನೆಗೆ ಬೀಗ ಹಾಕಿತ್ತು ಅಂತಿದ್ರು. ಹೊರಗಡೆಯಿಂದ ದೊಡ್ಡ ಬೀಗ. ಅಕ್ಕ ಅಪ್ಪನ್ನ ಕರ್ಕೊಂಡು ಎಲ್ಲೋ ಹೋಗಿಬಿಟ್ಟಿದ್ಲು, ಹುಡುಕಿದೆ, ಸಿಗಲಿಲ್ಲ ಅಂತ." ಅವಳು ನೀರಿನ ಲೋಟ ಪಕ್ಕಕ್ಕಿಟ್ಟಳು. "ಇವತ್ತು ನೋಡಿದ್ರೆ ಬೀಗ ಇಲ್ಲ. ಒಳಗೆ ಒಬ್ರು ನಿಂತಿದಾರೆ. ಯಾವುದು ನಿಜ?"

"ನಾನು ನಿಂತಿದ್ದು ನಿಜ."

"ಮತ್ತೆ ಬೀಗ?"

ಆ ಬಾಗಿಲು ತೆಳ್ಳಗಿನ ಹಲಗೆಯದು. ಒಳಗೆ ಪಾತ್ರೆ ಇಟ್ಟರೆ ಬೀದಿಗೆ ಕೇಳುತ್ತಿತ್ತು. ತಾನು ಅಂದದ್ದು ಜೋರಾಗಿ, ಅವಳಿಗೆ ಕೇಳಲೆಂದೇ. ಕೇಳಿಸಿಕೊಂಡು ಹೋದವಳು, ತನ್ನ ಮಕ್ಕಳ ಮುಂದೆ ಆ ಬಾಗಿಲಿಗೆ ಹೊರಗಿನಿಂದ ಒಂದು ಬೀಗ ಜಡಿದಿದ್ದಳು. ಒಳಗೆ ಯಾರೂ ಇಲ್ಲದ ಹಾಗೆ. ಯಾರ ಮೇಲೂ ಸಿಟ್ಟು ಬರದ ಹಾಗೆ. ಸೂಜಿಯಕ್ಕ ಇಸ್ತ್ರಿ ಮೇಜಿಗೆ ಕೈಯೂರಿದಳು. ಇಲ್ಲಿ ಈ ಕೋಣೆಯಲ್ಲಿ ನಿಂತು ತಾನು ಸಿಕ್ಕಸಿಕ್ಕವರ ಮುಂದೆಲ್ಲ ತಂಗಿಯ ಮಾನ ಹರಾಜಿಗಿಟ್ಟು ನಗಿಸಿದ ವರ್ಷಗಳಲ್ಲೆಲ್ಲ, ಅಲ್ಲಿ ಅವಳು ಅಕ್ಕನನ್ನು ಕಾಪಾಡಿಕೊಂಡು ಬಂದಿದ್ದಳು.

"ಬೀಗ ನಿಮ್ಮಮ್ಮ ಹಾಕಿದ್ದು" ಎಂದಳು ಕೊನೆಗೆ. "ನಿಮಗೋಸ್ಕರವೋ, ನನಗೋಸ್ಕರವೋ ಗೊತ್ತಿಲ್ಲ."

ತಂಗಿಯ ಮಗಳು ಎದ್ದು ಚೀಲ ಹೆಗಲಿಗೇರಿಸಿಕೊಂಡಳು. ಕ್ಷಮಿಸಿದ ಹಾಗೂ ಕಾಣಲಿಲ್ಲ, ಜಗಳಕ್ಕೂ ಬರಲಿಲ್ಲ. ಹೊರಡುವಾಗ ಒಂದು ಚೀಟಿಯ ಮೇಲೆ ಫೋನ್ ನಂಬರು ಬರೆದು ಮೇಜಿನ ಮೇಲಿಟ್ಟಳು. "ನಾನೇನೂ ಹೇಳಲ್ಲ. ಹೇಳೋದಿದ್ರೆ ನೀವೇ ಹೇಳಿ" ಎಂದಳು. ಬಸ್ಸು ಐದೂವರೆಗೆ ಇತ್ತು.

ಸೋಮವಾರ ರಂಗಮಂದಿರಕ್ಕೆ ರಜೆ. ಬೆಳಿಗ್ಗೆ ಹತ್ತಕ್ಕೆ ಸೂಜಿಯಕ್ಕ ತನ್ನ ಕೋಣೆಯಲ್ಲಿ ಮಂಚದ ತುದಿಗೆ ಕೂತು ಫೋನ್ ಮಾಡಿದಳು.

"ಹಲೋ? ಯಾರು?"

ದನಿ ದಪ್ಪಗಾಗಿತ್ತು. ಆದರೂ ಅದೇ.

"ನಾನು ಕಣೇ."

ಆ ಕಡೆ ಹೊಲಿಗೆ ಯಂತ್ರವೊಂದು ಓಡುತ್ತಿತ್ತು. ಅದು ನಿಂತಿತು.

"ಅಕ್ಕಾ?" ಆಮೇಲೆ ಅವಸರದಲ್ಲಿ, ಬೇರೆ ಮಾತಿಗೆ ಎಡೆ ಕೊಡಬಾರದೆಂಬ ಹಾಗೆ, "ಅವತ್ತು ಬಂದಿದ್ದೆ ಕಣಕ್ಕಾ, ಮನೆಗೆ ಬೀಗ ಹಾಕಿತ್ತು."

"ಇಲ್ಲ. ನಾನು ಒಳಗಿದ್ದೆ."

"ಬೀಗ ಹಾಕಿತ್ತು ಅಂತ ನಾನು ಮಕ್ಕಳಿಗೆ ಹೇಳಿದೀನಿ."

"ಗೊತ್ತು. ನಾನು ಒಳಗಿದ್ದೆ. ಚಿಲಕದ ಮೇಲೆ ಕೈ ಇಟ್ಕೊಂಡು ನಿಂತಿದ್ದೆ."

ತಂಗಿಯ ಉಸಿರು ಕೇಳುತ್ತಿತ್ತು. "ಗೊತ್ತು" ಎಂದಳು. "ಬಾಗಿಲ ಕೆಳಗೆ ನಿನ್ನ ಕಾಲು ಕಾಣಿಸ್ತಿತ್ತು" ಎಂದಳು.

ಸೂಜಿಯಕ್ಕನಿಗೆ ಅಳು ಬಂದದ್ದು ಆಗ. ರಂಗದ ಮೇಲೆ ಬಂದಿರಲಿಲ್ಲ, ನಿನ್ನೆಯೂ ಬಂದಿರಲಿಲ್ಲ. ತಂಗಿ ಸಮಾಧಾನ ಮಾಡಲಿಲ್ಲ, ಫೋನ್ ಇಡಲೂ ಇಲ್ಲ. ಅಳು ಮುಗಿಯುವ ತನಕ ಕಾದು, "ಅಪ್ಪ ಹೇಗೆ ಹೋದ್ರು?" ಎಂದು ಕೇಳಿದಳು.

ಅದನ್ನು ಯಾರಿಗೂ ಹೇಳಿರಲಿಲ್ಲ ಸೂಜಿಯಕ್ಕ. ಅದರಲ್ಲಿ ನಗುವಂಥದ್ದೂ ಇರಲಿಲ್ಲ, ದನಿ ಬದಲಿಸಿ ಆಡಿ ತೋರಿಸುವಂಥದ್ದೂ ಇರಲಿಲ್ಲ. ತಗ್ಗಿದ ಸ್ವರದಲ್ಲಿ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಇನ್ನೂ ನಾಲ್ಕು ತಿಂಗಳು ಇದ್ದರು. ಕೊನೆಯ ವಾರ ನೀರೂ ಇಳಿಯಲಿಲ್ಲ. ಒಂದು ಬೆಳಿಗ್ಗೆ ಕಿಟಕಿ ತೆರೆದು ತಿರುಗುವಷ್ಟರಲ್ಲಿ ಹೋಗಿದ್ದರು.

"ನನ್ನ ಕೇಳ್ತಿದ್ರಾ?"

ಇಲ್ಲಿ ಒಂದು ಸುಳ್ಳು ಹೇಳಬಹುದಾಗಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ಹನ್ನೊಂದು ದಿನ ಗಂಟೆಗೊಂದು ಸಲ ಕೇಳಿದ್ರು. ಅವತ್ತಾದ ಮೇಲೆ ಒಂದು ದಿನವೂ ಕೇಳಲಿಲ್ಲ. ಅವರಿಗೆ ನಿನ್ನ ದನಿ ಗೊತ್ತಾಗಿತ್ತು ಅನ್ಸುತ್ತೆ. ನನ್ನ ಕೈಯಿಂದ ಉಣ್ತಿದ್ರು, ಮುಖ ನೋಡ್ತಿರಲಿಲ್ಲ."

ಫೋನ್ ಮಾಡಿ ಒಂದು ಗಂಟೆ ಹತ್ತು ನಿಮಿಷ ಆಗಿತ್ತು. ತಂಗಿ ಮನೆಗೆ ಬಾ ಎಂದು ಕರೆಯಲಿಲ್ಲ, ಇವಳೂ ಬರಲಾ ಎಂದು ಕೇಳಲಿಲ್ಲ. "ಮತ್ತೆ ಮಾಡ್ಲಾ?" ಎಂದಷ್ಟೇ ಕೇಳಿದಳು.

"ನೋಡೋಣಕ್ಕಾ" ಎಂದಳು ತಂಗಿ.

ಮುಂದಿನ ಸೋಮವಾರ ಮಾಡಿದಾಗ ಎತ್ತಿದಳು. ಮಂಡಿಯ ವಿಷಯ, ಬೆಲೆಗಳ ವಿಷಯ ಮಾತಾಡಿ ಹತ್ತು ನಿಮಿಷಕ್ಕೆ ಇಟ್ಟಳು. ಆಮೇಲಿನ ಎರಡು ಸೋಮವಾರ ಎತ್ತಲಿಲ್ಲ. ಸೂಜಿಯಕ್ಕ ಫೋನನ್ನು ದಿಂಬಿನ ಮೇಲಿಟ್ಟು ದಿನವಿಡೀ ಅದರ ಎದುರು ಕೂತಿದ್ದಳು, ಊಟಕ್ಕೂ ಕೆಳಗಿಳಿಯಲಿಲ್ಲ. ಐದನೆಯ ಸೋಮವಾರ ತಾನು ಮಾಡುವುದೇ ಬೇಡ ಎಂದುಕೊಂಡಳು. ಅಷ್ಟರಲ್ಲಿ ನಾಟಕವೂ ಮುಗಿದಿತ್ತು. ಬಡಗಿ ಮಂಚ, ಚೌಕಟ್ಟು ಎಲ್ಲ ಬಿಚ್ಚಿ ಉಗ್ರಾಣಕ್ಕೆ ಹಾಕಿದ. ಹೊಸ ನಾಟಕದಲ್ಲಿ ಹಡಗಿನವರು ಬರುತ್ತಿದ್ದರು, ಇಪ್ಪತ್ತು ಪಟ್ಟೆ ಅಂಗಿ ಆಗಬೇಕಿತ್ತು.

ಆರನೆಯ ಸೋಮವಾರ ತಂಗಿಯೇ ಮಾಡಿದಳು.

"ಅಕ್ಕಾ, ಒಂದು ಮಾತು ಕೇಳ್ಬೇಕಿತ್ತು. ನೀನು ಹೊಲಿಗೇನೇ ಕಸುಬು ಮಾಡ್ಕೊಂಡೋಳಲ್ವಾ. ನನ್ನ ಎಡಭುಜ ಮೇಲಕ್ಕೆ ಏಳಲ್ಲ. ತಲೆಯಿಂದ ಹಾಕೋ ಅಂಗಿ ಯಾವುದೂ ಆಗ್ತಾ ಇಲ್ಲ. ಏನು ಮಾಡೋದು?"

"ಮುಂದೆ ಬಿಚ್ಚೋ ಹಾಗೆ ಹೊಲಿ" ಎಂದಳು ಸೂಜಿಯಕ್ಕ. "ಎಡ ತೋಳಿನ ಕಂಕುಳನ್ನ ಎರಡು ಇಂಚು ಕೆಳಗಿಳಿಸು. ನಿನ್ನ ಯಂತ್ರ ಯಾವುದು, ಕಾಲಿಂದ ತುಳಿಯೋದಾ, ಕರೆಂಟಿಂದಾ? ಅಳತೆ ಪಟ್ಟಿ ಇದೆಯಾ ಹತ್ರ? ತಗೋ. ಕುತ್ತಿಗೆಯಿಂದ ಭುಜದ ತುದಿಗೆ ಎಷ್ಟಿದೆ ಹೇಳು."

ತಂಗಿ ಫೋನ್ ಕೆಳಗಿಟ್ಟು ಪಟ್ಟಿ ಹುಡುಕಲು ಹೋದಳು. ಡ್ರಾಯರು ಎಳೆಯುವ ಸದ್ದು, ಏನೋ ಬಿದ್ದ ಸದ್ದು, ತಂಗಿ ತನ್ನಷ್ಟಕ್ಕೆ ತಾನು ಗೊಣಗುವ ಸದ್ದು ಒಂದೊಂದಾಗಿ ಕೇಳಿಬಂದವು. ಸೂಜಿಯಕ್ಕ ಬರೆದುಕೊಳ್ಳಲು ಪೆನ್ಸಿಲು ಹಿಡಿದು ಕೂತಳು.